ನಡುರಾತ್ರಿ ತೂಬಿನ ಹತ್ತಿರ ಎದ್ದ ಗುದ್ದಲಿ: ಜಗಳ ನಮ್ಮ ಹುಟ್ಟಿನಲ್ಲಿದೆಯೋ, ಏರ್ಪಾಟಿನಲ್ಲೋ?

ಕೊನೆತೂಬು

ಕಳೆದ ವಾರ ಊರಿಗೆ ಹೋಗಿದ್ದೆ. ನಮ್ಮದು ಮದ್ದೂರು ತಾಲ್ಲೂಕು, ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೆ ಭಾಗ. ಕೊನೆ ಭಾಗ ಅಂದ್ರೇನು ಅಂತ ನಾಲೆ ಬಯಲಿನವರಿಗೆ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳ್ತೀನಿ: ಕನ್ನಂಬಾಡಿ ಅಣೆಕಟ್ಟು (ಕೆ.ಆರ್.ಎಸ್.) ತುಂಬಿ, ಬಾಗಿನ ಕೊಟ್ಟ ಫೋಟೋ ಪೇಪರಿನಲ್ಲಿ ಬಂದು ಎಷ್ಟೋ ದಿನ ಆದ ಮೇಲೂ ನಮ್ಮ ಗದ್ದೆ ಬದುವಿನಲ್ಲಿ ಧೂಳು ಏಳ್ತಿರುತ್ತೆ.

ಈ ಸಲ ಕಟ್ಟು ಪದ್ಧತಿಯಲ್ಲಿ ನೀರು. ಇಷ್ಟು ದಿನ ಬಿಡೋದು, ಇಷ್ಟು ದಿನ ನಿಲ್ಸೋದು. ನಮ್ಮ ಸರತಿ ರಾತ್ರಿ ಒಂದು ಗಂಟೆಗೆ. ಅಪ್ಪನ ಜೊತೆ ಟಾರ್ಚ್ ಹಿಡ್ಕೊಂಡು ಹೋದೆ. ಹೋಗಿ ನೋಡಿದ್ರೆ ತೂಬಿನಿಂದ ಕೆಳಗೆ ಕಾಲುವೆಗೆ ಅಡ್ಡ ಮಣ್ಣು ಹಾಕಿದೆ, ಮೇಲೆ ಹಳೇ ಗೊಬ್ಬರದ ಚೀಲ. ಪಕ್ಕದ ಗದ್ದೆಯಲ್ಲಿ ನೀರು ಜುಳುಜುಳು. ಗದ್ದೆ ಯಾರ್ದು? ಅಪ್ಪನ ಚಿಕ್ಕಪ್ಪನ ಮಗಂದು. ನನಗೂ ಚಿಕ್ಕಪ್ಪನೇ. ತಾತ ತೀರ್ಕೊಂಡಾಗ ಚಟ್ಟಕ್ಕೆ ಹೆಗಲು ಕೊಟ್ಟೋನು, ನನ್ನ ಪಿಯುಸಿ ಫೀಸು ಕಟ್ಟಿದೋನು.

ಎರಡು ಮಾತು ಆಯ್ತು. ಮೂರನೇ ಮಾತಿಗೆ ಗುದ್ದಲಿ ಮೇಲೆದ್ದಿತ್ತು. ಎತ್ತಿದ್ದು ಚಿಕ್ಕಪ್ಪ ಅಲ್ಲ, ನಮ್ಮಪ್ಪ. ಬಿ.ಪಿ. ಮಾತ್ರೆ ನುಂಗೋ ಅರವತ್ತೆರಡು ವರ್ಷದ ಮನುಷ್ಯ. ನಾನು ಕೈ ಹಿಡ್ಕೊಂಡೆ, ಯಾರಿಗೂ ಏನೂ ಆಗ್ಲಿಲ್ಲ. ಆದ್ರೆ ಆ ಟಾರ್ಚ್ ಬೆಳಕಿನಲ್ಲಿ ಕಂಡ ಅಪ್ಪನ ಮುಖ ನನಗೆ ಗುರುತಿರಲಿಲ್ಲ.

ಮನೆಗೆ ಬಂದ ಮೇಲೆ ಅವ್ವ ಅಂದ್ಲು, "ಅವ್ನು ಹುಟ್ಟಿದ್ದೇ ಹಂಗೆ, ಅವರಪ್ಪನೂ ಹಂಗೇ ಇದ್ದ." ಅಪ್ಪ ಸುಮಾರು ಹೊತ್ತು ಸುಮ್ನಿದ್ದು, "ನೀರು ನೆಟ್ಟಗೆ ಬಂದಿದ್ರೆ ಅವ್ನು ಯಾಕ್ ಹಿಂಗಾಡ್ತಿದ್ದ ಬುಡು" ಅಂದ್ರು.

ಅವ್ವ ಹೇಳಿದ್ದು ಸರಿಯೋ, ಅಪ್ಪ ಹೇಳಿದ್ದೋ? ಇಲ್ಲಿ ಓದಿಕೊಂಡವರು ಇದೀರಿ, ಹೇಳಿ.

ಬಯಾಲಜಿ ಮೇಷ್ಟ್ರು

ನಿಮ್ಮ ತಾಯಿಯವರ ಕಡೆಗೆ ಒಂದು ಸಾಕ್ಷಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ತಾಂಜಾನಿಯಾದ ಗೊಂಬೆ ಎಂಬ ಕಾಡಿನಲ್ಲಿ ಜೇನ್ ಗುಡಾಲ್ ಚಿಂಪಾಂಜಿಗಳನ್ನು ವರ್ಷಗಟ್ಟಲೆ ನೋಡಿದ್ದು ನಿಮಗೆ ಗೊತ್ತಿರಬಹುದು. ಅಲ್ಲಿ ಒಂದೇ ಆಗಿದ್ದ ಗುಂಪು ಎರಡಾಯಿತು, ಉತ್ತರದ ಕಸಕೇಲಾ, ದಕ್ಷಿಣದ ಕಹಾಮಾ. 1974ರಿಂದ 1978ರ ನಡುವೆ ಕಸಕೇಲಾದ ಗಂಡುಗಳು ಗುಂಪು ಕಟ್ಟಿಕೊಂಡು, ಸದ್ದಿಲ್ಲದೆ ಗಡಿ ದಾಟಿ ಹೋಗಿ, ಕಹಾಮಾದ ಗಂಡುಗಳನ್ನು ಒಂಟಿಯಾಗಿ ಸಿಕ್ಕಿದಾಗೆಲ್ಲ ಬಡಿದು ಮುಗಿಸಿದವು. ಅವು ಅಪರಿಚಿತರಲ್ಲ ಎಂಬುದನ್ನು ಗಮನಿಸಿ. ಕೆಲವೇ ವರ್ಷದ ಹಿಂದೆ ಒಂದರ ಮೈಯ ಹೇನನ್ನು ಇನ್ನೊಂದು ಹೆಕ್ಕುತ್ತಿದ್ದವು. ನಿಮ್ಮ ಚಿಕ್ಕಪ್ಪನ ಹಾಗೆಯೇ, ದಾಯಾದಿಗಳು.

ಅಲ್ಲಿ ಪಂಚಾಯ್ತಿ ಇಲ್ಲ, ಜಾತಿ ಇಲ್ಲ, ಪಹಣಿ ಇಲ್ಲ. ಆದರೂ ಕೊಲೆ ಇದೆ.

ಅರೆಬೆಂದ ಅನ್ನ

ಪಹಣಿ ಇಲ್ಲದೆಯೇ ಗಡಿ ಜಗಳ ಅಂದ್ರೆ, ಸರ್ವೆ ಇಲಾಖೆ ಮೇಲಿನ ನನ್ನ ಕೋಪ ಸ್ವಲ್ಪ ಕಡಿಮೆ ಆಯ್ತು.

ಕೊನೆತೂಬು

ಮೇಷ್ಟ್ರೇ, ಅಲ್ಲಿ ಆ ಸಂಶೋಧಕರೇ ಬಾಳೆಹಣ್ಣು ಇಟ್ಟು ಚಿಂಪಾಂಜಿಗಳನ್ನ ಒಂದೇ ಕಡೆ ಸೇರಿಸ್ತಿದ್ರು, ಆ ಬಾಳೆಹಣ್ಣಿನ ಪೈಪೋಟಿಯಿಂದಲೇ ಅವು ಕೆಟ್ಟವು ಅಂತ ಎಲ್ಲೋ ಓದಿದ ನೆನಪು. ಹಂಗಿದ್ರೆ ಅದೂ ನಮ್ಮ ನಾಲೆ ಕಥೆನೇ ಆಯ್ತಲ್ಲ? ಒಂದು ತೂಬು, ನೂರು ಬಾಯಿ.

ಬಯಾಲಜಿ ಮೇಷ್ಟ್ರು

ಒಳ್ಳೆಯ ಪ್ರಶ್ನೆ. ಆ ವಾದ ಬಹಳ ವರ್ಷ ನಡೆಯಿತು. ಆಮೇಲೆ 2014ರಲ್ಲಿ ಆಫ್ರಿಕದ ಬೇರೆ ಬೇರೆ ಕಡೆಯ 18 ಚಿಂಪಾಂಜಿ ಗುಂಪುಗಳ ದಾಖಲೆಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಕಣ್ಣಾರೆ ಕಂಡದ್ದು, ಊಹಿಸಿದ್ದು, ಶಂಕಿಸಿದ್ದು ಎಲ್ಲ ಸೇರಿ 152 ಕೊಲೆಗಳು. ಮನುಷ್ಯರ ಕೈವಾಡ ಹೆಚ್ಚಿದ್ದ ಕಡೆ ಕೊಲೆ ಹೆಚ್ಚು ಎಂದೇನೂ ಕಾಣಲಿಲ್ಲ. ಗಂಡುಗಳು ಎಷ್ಟಿವೆ, ಗುಂಪು ಎಷ್ಟು ದಟ್ಟವಾಗಿದೆ ಎಂಬುದರ ಮೇಲೆ ನಿಂತಿತ್ತು. ಆದ್ದರಿಂದ ಬಾಳೆಹಣ್ಣಿನ ವಾದ ಬಡವಾಯಿತು.

ಆದರೆ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಅದೇ ಅಧ್ಯಯನದಲ್ಲಿ ಬೊನೊಬೊಗಳ 4 ಗುಂಪು ಇದ್ದವು. ಅವೂ ನಮಗೆ ಅಷ್ಟೇ ಹತ್ತಿರದ ನೆಂಟರು, ಕಾಂಗೋ ನದಿಯ ದಕ್ಷಿಣಕ್ಕೆ ಮಾತ್ರ ಇರುವಂಥವು. ಅವುಗಳಲ್ಲಿ ಶಂಕಿತ ಕೊಲೆ ಒಂದೇ ಒಂದು. ನದಿಯ ಈ ದಡಕ್ಕೆ ಒಂದು ಸ್ವಭಾವ, ಆ ದಡಕ್ಕೆ ಇನ್ನೊಂದು. ನಮ್ಮೊಳಗೆ ಇರುವುದು ಯಾವ ದಡ ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಆದರೂ ಇಲ್ಲ.

ಗಡಿಯಾಚೆಯ ಕನ್ನಡತಿ

ನಾನು ಹೊಸೂರಿನವಳು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು. ಕೆಲಸ ಬೆಂಗಳೂರಿನಲ್ಲಿ.

2016ರ ಸೆಪ್ಟೆಂಬರ್ 12. ತಮಿಳುನಾಡಿಗೆ ನೀರು ಬಿಡಿ ಅನ್ನೋ ಕಾವೇರಿ ಆದೇಶದ ದಿನ. ಮಧ್ಯಾಹ್ನಕ್ಕೆ ಆಫೀಸು ಬಿಟ್ಟರು. ಬಸ್ಸು ಇಲ್ಲ. ಸಿಕ್ಕಿದ ಗಾಡಿ ಹತ್ತಿ, ಉಳಿದದ್ದು ನಡೆದು, ಅತ್ತಿಬೆಲೆ ದಾಟಿದೆ. ಗಡಿಯ ಈಚೆ ಒಂದು ಸಾಲು ಜನ ಚೀಲ ಹೊತ್ತು ಆ ಕಡೆ ನಡೀತಿದ್ರು, ಆಚೆಯಿಂದ ಇನ್ನೊಂದು ಸಾಲು ಈ ಕಡೆ. ನಡುವೆ ಪೊಲೀಸರು. ಎರಡೂ ಸಾಲಿನವರ ಮುಖ ಒಂದೇ ಥರ ಇತ್ತು. ಆ ದಿನ ಬೆಂಗಳೂರಿನಲ್ಲಿ ತಮಿಳುನಾಡು ನಂಬರಿನ ಹತ್ತಾರು ಬಸ್ಸು ಸುಟ್ಟವು. ನಮ್ಮ ರಸ್ತೆಯಲ್ಲಿ ಕೆ.ಎ. ಬೋರ್ಡಿನ ಕಾರಿಗೆ ಕಲ್ಲು ಬಿತ್ತು. ಆ ಕಾರಿನಲ್ಲಿದ್ದವರು ತಮಿಳರೇ.

ನಾನು ಕೇಳೋದಿಷ್ಟು. ಕೊನೆತೂಬು ಅವರ ಅಪ್ಪ ಗುದ್ದಲಿ ಎತ್ತಿದ್ದು ನನಗೆ ಅರ್ಥ ಆಗುತ್ತೆ, ಅವರ ಪೈರು ಒಣಗ್ತಿತ್ತು. ಬಸ್ಸಿಗೆ ಬೆಂಕಿ ಇಟ್ಟವರಲ್ಲಿ ಎಷ್ಟು ಜನಕ್ಕೆ ಗದ್ದೆ ಇತ್ತು? ಆವತ್ತು ಅವರ ಮನೆ ನಲ್ಲಿಯಲ್ಲಿ ನೀರು ನಿಂತಿತ್ತಾ? ಹಾಗಾದರೆ "ಕೊರತೆ ಇದ್ರೆ ಜಗಳ" ಅನ್ನೋ ಅಪ್ಪನ ಮಾತೂ ಸಾಲದು, "ಹುಟ್ಟಿದ್ದೇ ಹಂಗೆ" ಅನ್ನೋ ಅವ್ವನ ಮಾತೂ ಸಾಲದು. ನಡುವೆ ಯಾರೋ ಬಂದು ಒಂದು ನಂಬರ್ ಪ್ಲೇಟನ್ನ ಶತ್ರು ಅಂತ ತೋರಿಸಿಕೊಟ್ಟಿದ್ದಾರೆ.

ಸೈಫನ್

ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತನಾದವನು. ತತ್ತ್ವ ನನಗೆ ಬಾರದು, ಲೆಕ್ಕ ಹೇಳುತ್ತೇನೆ.

ಕಾವೇರಿ ಗಲಾಟೆ ಆದ ವರ್ಷಗಳನ್ನು ಬರೆದುಕೊಳ್ಳಿ. 1991, 1995, 2002, 2012, 2016, 2023. ಮೊದಲನೆಯದನ್ನು ಬಿಟ್ಟರೆ ಉಳಿದವೆಲ್ಲ ಮಳೆ ಕೈಕೊಟ್ಟ ವರ್ಷಗಳು. 2024ರ ಜುಲೈ ಕೊನೆಗೆ ಕನ್ನಂಬಾಡಿ ತುಂಬಿ, ತಮಿಳುನಾಡಿನ ಮೆಟ್ಟೂರು ಅಣೆಕಟ್ಟೂ ತುಂಬಿ ಹರಿಯಿತು. ಆಗ ಯಾರಾದರೂ ಬಸ್ಸಿಗೆ ಬೆಂಕಿ ಇಟ್ಟರೇ? ಎರಡೂ ರಾಜ್ಯದ ಜನರ ಸ್ವಭಾವ ಒಂದು ವರ್ಷದೊಳಗೆ ಬದಲಾಗಿರಲಿಲ್ಲ. ಬದಲಾಗಿದ್ದು ಒಳಹರಿವು.

1991 ಬೇರೆ. ಅದು ಕಾಗದದ ಗಲಾಟೆ. ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಬಂತು, ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ಬಿಡಬೇಕೆಂದು. ಅದು ಗೆಜೆಟ್‌ನಲ್ಲಿ ಅಚ್ಚಾದದ್ದು ಡಿಸೆಂಬರ್‌ನಲ್ಲಿ. ಗಲಭೆ ಹತ್ತಿದ್ದು ಅದರ ಹಿಂದೆಯೇ. ಡಿಸೆಂಬರಿನಲ್ಲಿ ನಾಟಿಯ ಕಾಲವೂ ಅಲ್ಲ. ಹೊಸೂರಿನ ತಂಗಿ ಹೇಳಿದ್ದಕ್ಕೆ ಇದು ಬಲ ಕೊಡುತ್ತದೆ. ಆ ವಾರ ಸಾವಿರಾರು ತಮಿಳರು ಬೆಂಗಳೂರು ಬಿಟ್ಟು ಹೋದರು. ಹೆಚ್ಚಿನವರು ಕೂಲಿಯವರು. ಕಾವೇರಿಯಲ್ಲಿ ಒಂದು ಬಿಂದಿಗೆಯ ಹಕ್ಕೂ ಇಲ್ಲದವರು.

ಈಗ ಏರ್ಪಾಟಿನ ವಿಷಯ. ನಮ್ಮ ಕಡೆ ನದಿ ತುಂಬುವುದು ಮುಂಗಾರಿನಲ್ಲಿ. ತಮಿಳುನಾಡಿನ ಡೆಲ್ಟಾದವರ ಮಳೆ ಹಿಂಗಾರು, ಅಕ್ಟೋಬರ್ ನಂತರ. ಅವರ ಕುರುವೈ ಎಂಬ ಭತ್ತದ ಬೆಳೆಗೆ ಮೆಟ್ಟೂರು ತೆಗೆಯುವ ವಾಡಿಕೆಯ ದಿನ ಜೂನ್ 12. ಅಂದರೆ ಅವರಿಗೆ ನೀರು ಬೇಕಾಗುವುದೂ ನಮ್ಮ ಅಣೆಕಟ್ಟು ತಳ ಕಾಣುವುದೂ ಒಂದೇ ಹೊತ್ತಿಗೆ. ಇದು ಯಾರ ಕೆಟ್ಟತನವೂ ಅಲ್ಲ, ಪಂಚಾಂಗ. ಪಂಚಾಂಗ ಹೀಗಿದ್ದಾಗ ಬರದ ವರ್ಷಕ್ಕೆ ಮೊದಲೇ ಒಂದು ಲೆಕ್ಕ ಬರೆದಿಡಬೇಕು. ಮೈಸೂರು, ಮದ್ರಾಸುಗಳ ನಡುವಿನ 1892ರ ಒಪ್ಪಂದದಲ್ಲಿ ಅದು ಇಲ್ಲ. 1924ರದ್ದು ಅಣೆಕಟ್ಟು ಕಟ್ಟುವುದಕ್ಕೆ ಹೆಚ್ಚು ಗಮನ ಕೊಟ್ಟಿತು. 2007ರ ಐತೀರ್ಪು, ಅಂದರೆ ನ್ಯಾಯಮಂಡಳಿಯ ಕೊನೆಯ ತೀರ್ಪು, 740 ಟಿಎಂಸಿಯನ್ನು ಹಂಚಿತು. 2018ರಲ್ಲಿ ಸುಪ್ರೀಂ ಕೋರ್ಟು ನಮ್ಮ ಪಾಲನ್ನು 284.75ಕ್ಕೆ ಏರಿಸಿ, ಅವರದ್ದನ್ನು 404.25ಕ್ಕೆ ಇಳಿಸಿತು. ಗಡಿಯ ಬಿಳಿಗುಂಡ್ಲುವಿನಲ್ಲಿ ಅಳತೆ, ಸಾಮಾನ್ಯ ವರ್ಷಕ್ಕೆ 177.25. ಸಾಮಾನ್ಯ ವರ್ಷಕ್ಕೆ! ಕಷ್ಟದ ವರ್ಷಕ್ಕೆ "ಅದೇ ಪ್ರಮಾಣದಲ್ಲಿ ಕಡಿಮೆ ಮಾಡಿಕೊಳ್ಳಿ" ಎಂಬ ಮಾತು ಬಿಟ್ಟರೆ ತಿಂಗಳ ಲೆಕ್ಕ ಇಲ್ಲ. ಸಾಮಾನ್ಯ ವರ್ಷದಲ್ಲಿ ಜಗಳವೇ ಇರುವುದಿಲ್ಲವಲ್ಲ ಸ್ವಾಮಿ. ಕೊಡೆಯನ್ನು ಬಿಸಿಲಿಗೆ ಅಳತೆ ಮಾಡಿ ಹೊಲಿದು, ಮಳೆ ಬಂದಾಗ ನೋಡೋಣ ಎಂದ ಹಾಗೆ.

ಅರೆಬೆಂದ ಅನ್ನ

ಅಂದ್ರೆ ತತ್ತ್ವ ಬಾರದ ಇಂಜಿನಿಯರ್ ಸಾಹೇಬ್ರ ಉತ್ತರ: ಕೋಪ ಹುಟ್ಟಿನದು, ಕೋಪದ ವಿಳಾಸ ಬರೆಯೋದು ಏರ್ಪಾಟು. ಕ್ಯಾಲೆಂಡರಿನ ಕೆಳಗೆ ಅಚ್ಚು ಹಾಕಿಸಬಹುದು.

ಸೈಫನ್

ನಾನು ಹಾಗೆ ಹೇಳಲಿಲ್ಲ. ನೀವು ಹೇಳಿದಿರಿ. ಅಚ್ಚು ಹಾಕಿಸುವ ಖರ್ಚು ನಿಮ್ಮದೇ.

ಒಂದು ಸಣ್ಣ ವಿಷಯ ಬಿಟ್ಟೆ. ಸ್ಪೇನಿನ ವಲೆನ್ಸಿಯಾದಲ್ಲಿ ಕಾಲುವೆ ಜಗಳಗಳಿಗೆ ಒಂದು ಪಂಚಾಯ್ತಿ ಇದೆ. ಪ್ರತಿ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ, ಚರ್ಚಿನ ಬಾಗಿಲ ಮುಂದೆ ರೈತರೇ ಆರಿಸಿದ ರೈತರು ಕೂತು ಕೇಳುತ್ತಾರೆ. ವಾದವೆಲ್ಲ ಬಾಯಿಮಾತಿನಲ್ಲಿ, ವಕೀಲರಿಲ್ಲ, ತೀರ್ಪು ಅಲ್ಲೇ. ನೂರಾರು ವರ್ಷದಿಂದ ನಡೆದು ಬಂದಿದೆ. ವಲೆನ್ಸಿಯಾದವರು ನಮಗಿಂತ ಸಾಧುಗಳೆಂದು ನಾನು ನಂಬುವುದಿಲ್ಲ. ಗುರುವಾರ ಬರುತ್ತದೆ ಎಂದು ಗೊತ್ತಿದ್ದರೆ ಬುಧವಾರ ರಾತ್ರಿ ಗುದ್ದಲಿ ಎತ್ತುವ ಕೈ ಒಂದು ಸಲ ಯೋಚಿಸುತ್ತದೆ, ಅಷ್ಟೇ. ಇಂಥ ವ್ಯವಸ್ಥೆಗಳನ್ನು ಊರೂರಿಂದ ಹೆಕ್ಕಿ ತೋರಿಸಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅಳೆಯುವವರು ರೈತರಿಗೇ ಉತ್ತರ ಹೇಳುವಂತಿರಬೇಕು, ತಪ್ಪಿದವನಿಗೆ ಮೊದಲು ಸಣ್ಣ ದಂಡ, ಆಮೇಲೆ ದೊಡ್ಡದು. ನಮ್ಮ ಹಳೆಯ ಕೆರೆಗಳ ನೀರುಗಂಟಿ (ಗದ್ದೆಗಳಿಗೆ ನೀರು ಹಂಚುವವನು) ಪದ್ಧತಿಯೂ ಹೀಗೆಯೇ ಇತ್ತು. ನೀರುಗಂಟಿ ಇದ್ದಾಗ ಜಗಳ ಇರಲಿಲ್ಲ.

ಕೆರೆಯಂಗಳ

ಸೈಫನ್ ಸರ್, ನಿಮ್ಮ ಕೊನೆಯ ಸಾಲು ಓದಿ ಎರಡು ದಿನ ಉತ್ತರ ಬರೆಯಬಾರದು ಅಂದುಕೊಂಡಿದ್ದೆ. ಆಗಲಿಲ್ಲ.

ನಮ್ಮದು ಕೋಲಾರ ಜಿಲ್ಲೆ. ನಮ್ಮ ತಾತ ನೀರುಗಂಟಿ. ಅವರಪ್ಪನೂ. ತೂಬಿನ ಕೀಲಿ ಇದ್ದದ್ದು ನಮ್ಮ ಮನೆಯಲ್ಲಿ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ತಾತನಿಗೆ ಬಾಯಿಪಾಠ. ಕೆರೆಯಲ್ಲಿ ನೀರು ಕಡಿಮೆ ಆದ ವರ್ಷ, ಇಷ್ಟೇ ಗದ್ದೆ ನಾಟಿ ಮಾಡಿ ಅಂತ ಊರವರು ಕೂತು ತೀರ್ಮಾನ ಮಾಡಿದರೆ ಅದನ್ನ ನಡೆಸೋದು ಅವರೇ. ಸುಗ್ಗಿಯಲ್ಲಿ ಪ್ರತಿ ಗದ್ದೆಯಿಂದ ಇಷ್ಟು ಅಂತ ಭತ್ತ. ನೀವು ಹೇಳಿದ್ದೆಲ್ಲ ನಿಜ. ಜಗಳ ಕಡಿಮೆ ಇತ್ತು ಅನ್ನೋದೂ ನಿಜ ಇರಬಹುದು.

ಆದರೆ ಆ ಭತ್ತ ಕೊಡುತ್ತಿದ್ದದ್ದು ಕಣದ ಹೊರಗೆ ನಿಲ್ಲಿಸಿ. ಇಡೀ ಅಚ್ಚುಕಟ್ಟಿಗೆ ನೀರು ಹಾಯಿಸುವ ತಾತನಿಗೆ ಆ ಅಚ್ಚುಕಟ್ಟಿನಲ್ಲಿ ಒಂದು ಗುಂಟೆ ಇರಲಿಲ್ಲ. ಊರ ಬಾವಿಯಲ್ಲಿ ನಮ್ಮ ಅಜ್ಜಿ ಕೊಡ ಇಳಿಸುವ ಹಾಗಿರಲಿಲ್ಲ. ಯಾರಾದರೂ ಮೇಲಿನಿಂದ ಹುಯ್ಯೋವರೆಗೆ ಕಾಯಬೇಕು. ದಲಿತ ನೀರುಗಂಟಿ ಯಾಕೆ ಬೇಕಿತ್ತು ಗೊತ್ತಾ? ಅವನಿಗೆ ಗದ್ದೆ ಇಲ್ಲ, ಆದ್ದರಿಂದ ಅವನು ಪಕ್ಷಪಾತ ಮಾಡಲ್ಲ. ಎಷ್ಟು ಚೆನ್ನಾದ ಏರ್ಪಾಟು!

ಜಗಳ ಇರಲಿಲ್ಲ ಅಂದಿರಿ. ಜಗಳ ಆಡುವ ಹಕ್ಕು ಎಲ್ಲರಿಗೂ ಇತ್ತಾ ಅಂತ ಕೇಳಿ. 1927ರ ಮಾರ್ಚ್ 20ರಂದು ಮಹಾರಾಷ್ಟ್ರದ ಮಹಾಡದಲ್ಲಿ ಅಂಬೇಡ್ಕರ್ ಅವರು ಸಾವಿರಾರು ಜನರ ಜೊತೆ ಚವದಾರ್ ಕೆರೆಗೆ ಇಳಿದು ಬೊಗಸೆ ನೀರು ಕುಡಿದರು. ಆ ಕೆರೆ ಎಲ್ಲರಿಗೂ ತೆರೆದದ್ದು ಅಂತ ಪುರಸಭೆ ಮೊದಲೇ ತೀರ್ಮಾನಿಸಿತ್ತು. ಆದರೂ ಆವತ್ತು ಜನಕ್ಕೆ ಹೊಡೆದರು, ಆಮೇಲೆ ಕೆರೆಯನ್ನ "ಶುದ್ಧ" ಮಾಡಿದರು. ಆವತ್ತಿನವರೆಗೆ ಮಹಾಡದಲ್ಲಿ "ಶಾಂತಿ" ಇತ್ತು. ಜಗಳ ಶುರು ಮಾಡಿದ್ದು ಯಾರು ಅಂತ ಬರೆಯೋಣ?

ಮನುಷ್ಯನ ಸ್ವಭಾವವೇ ಹೀಗೆ ಅನ್ನೋ ಮಾತು ನಮ್ಮ ಮನೆಯವರಿಗೆ ಬಹಳ ಹಳೆಯದು, ಮೇಷ್ಟ್ರೇ. ಹುಟ್ಟಿನಿಂದಲೇ ಇಂಥವರು ಹಿಂಗೆ ಅಂತ ಹೇಳಿಯೇ ಎಲ್ಲಾ ನಡೆದದ್ದು.

ಬಯಾಲಜಿ ಮೇಷ್ಟ್ರು

ತಾಯಿ, ನಿಮ್ಮ ಮಾತು ನನಗೆ ನಾಟಿತು. ಸಮರ್ಥನೆ ಅಲ್ಲ, ಒಂದು ಪೂರಕ ವಿಷಯ ಮಾತ್ರ. 1986ರಲ್ಲಿ ಸ್ಪೇನಿನ ಸೆವಿಲ್‌ನಲ್ಲಿ ಸುಮಾರು ಇಪ್ಪತ್ತು ವಿಜ್ಞಾನಿಗಳು ಸೇರಿ ಒಂದು ಹೇಳಿಕೆ ಕೊಟ್ಟರು: ಯುದ್ಧ ನಮ್ಮ ರಕ್ತದಲ್ಲೇ ಇದೆ ಎನ್ನುವುದು ವಿಜ್ಞಾನಕ್ಕೆ ಒಪ್ಪುವ ಮಾತಲ್ಲ ಎಂದು. 1989ರಲ್ಲಿ ಯುನೆಸ್ಕೊ ಅದನ್ನು ಅಂಗೀಕರಿಸಿತು. ಅದರ ಉದ್ದೇಶ ನೀವು ಹೇಳಿದ್ದೇ, ಹುಟ್ಟಿನ ಹೆಸರಿನಲ್ಲಿ ಅನ್ಯಾಯ ನಡೆಯಬಾರದು ಎಂಬುದು.

ಆದರೆ ಉದ್ದೇಶ ಒಳ್ಳೆಯದೆಂದು ಎಲುಬುಗಳು ಸುಮ್ಮನಿರುವುದಿಲ್ಲ. ಸುಡಾನಿನಲ್ಲಿ ನೈಲ್ ದಂಡೆಯ ಜೆಬೆಲ್ ಸಹಾಬಾ ಎಂಬಲ್ಲಿ 13 ಸಾವಿರ ವರ್ಷಕ್ಕೂ ಹಿಂದಿನ ಒಂದು ಸ್ಮಶಾನ ಇತ್ತು, 61 ಜನರದ್ದು. ಬೇಸಾಯ ಇನ್ನೂ ಹುಟ್ಟಿರಲಿಲ್ಲ. ಒಂದೇ ಯುದ್ಧದಲ್ಲಿ ಸತ್ತವರೆಂದು ಮೊದಲು ತಿಳಿದಿದ್ದರು. 2021ರಲ್ಲಿ ಮತ್ತೆ ನೋಡಿದಾಗ ಮಾಗಿದ ಹಳೆಯ ಗಾಯಗಳ ಪಕ್ಕದಲ್ಲೇ ಹೊಸ ಗಾಯಗಳು ಕಂಡವು. ಹೆಂಗಸರಿಗೆ, ಮಕ್ಕಳಿಗೆ ಕೂಡ. ಅಂದರೆ ಒಂದು ದಿನದ ಕದನವಲ್ಲ, ಮತ್ತೆ ಮತ್ತೆ ನಡೆದ ದಾಳಿ. ರಾಜ, ಜಮೀನ್ದಾರ ಇಲ್ಲದ ಕಾಲ.

ಕೆರೆಯಂಗಳ

ಎಲುಬು ಏಟು ಬಿತ್ತು ಅಂತ ಹೇಳುತ್ತೆ. ಯಾಕೆ ಬಿತ್ತು ಅಂತ ಹೇಳಲ್ಲ. ಆ ಕಾಲಕ್ಕೆ ನೈಲ್ ಹರಿವೇ ಏರುಪೇರಾಗಿತ್ತು, ಬದುಕೋ ಜಾಗ ಕಿರಿದಾಗಿತ್ತು ಅಂತ ಅದೇ ಸಂಶೋಧಕರು ಹೇಳ್ತಾರೆ ಅಲ್ವಾ? ಮತ್ತೆ ನದಿ. ಮತ್ತೆ ಕೊನೆ ಭಾಗದವರು.

ಗಡಿಯಾಚೆಯ ಕನ್ನಡತಿ

ಇದನ್ನ ಓದ್ತಾ ಓದ್ತಾ ಕಾಲೇಜಿನಲ್ಲಿ ಮನಃಶಾಸ್ತ್ರದ ಮೇಡಂ ಹೇಳಿದ್ದು ನೆನಪಾಯ್ತು. 1954ರಲ್ಲಿ ಅಮೆರಿಕದ ಓಕ್ಲಹೋಮಾದಲ್ಲಿ ಮುಜಾಫರ್ ಶೆರಿಫ್ ಅನ್ನೋರು 22 ಹುಡುಗರನ್ನ ಶಿಬಿರಕ್ಕೆ ಕರ್ಕೊಂಡು ಹೋಗಿ ಎರಡು ತಂಡ ಮಾಡಿದ್ರು. ಬಹುಮಾನದ ಆಟ ಇಟ್ಟರು. ಸ್ವಲ್ಪದರಲ್ಲೇ ಒಬ್ಬರ ಬಾವುಟ ಇನ್ನೊಬ್ಬರು ಸುಟ್ಟರು. ಎಲ್ಲ ಒಂದೇ ಥರದ ಮನೆಯ ಹುಡುಗರು! ಆಮೇಲೆ ಶಿಬಿರದ ನೀರಿನ ಟ್ಯಾಂಕಿನಿಂದ ನೀರು ಬರದ ಹಾಗೆ ಮಾಡಿದ್ರು. ಎರಡೂ ತಂಡ ಸೇರಿ ಸರಿ ಮಾಡ್ಬೇಕಾಯ್ತು, ಹಂಗೆ ರಾಜಿ ಆದ್ರು.

ಮೇಡಂ ಅಲ್ಲಿಗೆ ನಿಲ್ಲಿಸಿದ್ರು. ನಾನು ಆಮೇಲೆ ತಿಳ್ಕೊಂಡಿದ್ದು, ಅದರ ಹಿಂದಿನ ವರ್ಷ 1953ರಲ್ಲಿ ಇದೇ ಪ್ರಯೋಗ ಬೇರೆ ಕಡೆ ಮಾಡಿ ಕೆಟ್ಟಿತ್ತಂತೆ. ಆ ಸಲ ಹುಡುಗರು ತಂಡ ಆಗೋ ಮೊದಲೇ ಸ್ನೇಹಿತರಾಗಿಬಿಟ್ಟಿದ್ರು. ದೊಡ್ಡವರು ಎಷ್ಟು ಚುಚ್ಚಿದ್ರೂ ಹೊಡೆದಾಡ್ಲಿಲ್ಲ, ಇವರೇ ಏನೋ ಆಟ ಕಟ್ಟಿದಾರೆ ಅಂತ ಕಂಡುಹಿಡಿದ್ರು. ನನಗೆ ಆ ಕೆಟ್ಟ ಪ್ರಯೋಗವೇ ಇಷ್ಟ. 2003ರಲ್ಲಿ ಚೆನ್ನೈನಲ್ಲಿ ಶುರುವಾದ "ಕಾವೇರಿ ಕುಟುಂಬ" ಅಂಥದ್ದೇ. ಎರಡೂ ರಾಜ್ಯದ ರೈತರು ಒಬ್ಬರ ಗದ್ದೆಗೆ ಇನ್ನೊಬ್ಬರು ಹೋಗಿ ನೋಡ್ಕೊಂಡು ಬಂದ್ರು. ಒಪ್ಪಂದ ಆಗ್ಲಿಲ್ಲ, ನಿಜ. ಆದ್ರೆ ಒಬ್ಬರ ಗದ್ದೆಯಲ್ಲಿ ಬಿರುಕು ಬಿಟ್ಟ ಮಣ್ಣು ಇನ್ನೊಬ್ಬರು ಕಂಡ್ರು.

ಸೈಫನ್

ಕೆರೆಯಂಗಳ ಅವರೇ, ನಾನು ಬರೆದ ಆ ಸಾಲನ್ನು ಅಳಿಸಬಹುದು, ಆದರೆ ಅಳಿಸುವುದಿಲ್ಲ, ಹಾಗೇ ಇರಲಿ. ಮೂವತ್ತೈದು ವರ್ಷದ ನೌಕರಿಯಲ್ಲಿ ನೂರಾರು ನೀರುಗಂಟಿಗಳನ್ನು ಕಂಡಿದ್ದೇನೆ. ನಿಮಗೆ ಗದ್ದೆ ಎಷ್ಟಿದೆ ಎಂದು ಒಬ್ಬರನ್ನೂ ಕೇಳಿರಲಿಲ್ಲ.

ಕೊನೆತೂಬು, ನಿಮ್ಮ ನಾಲೆಯ ಬಗ್ಗೆಯೂ ಒಂದು ಮಾತು. ಆ ನಾಲೆಗೆ ವಿಶ್ವೇಶ್ವರಯ್ಯನವರು ಯೋಚಿಸಿದ್ದು ಬ್ಲಾಕ್ ಪದ್ಧತಿ. ಭತ್ತ, ಕಬ್ಬು, ರಾಗಿಯಂಥ ಅರೆ ಖುಷ್ಕಿ (ಕಡಿಮೆ ನೀರಿನ) ಬೆಳೆ, ಸರದಿಯ ಮೇಲೆ. ಎಲ್ಲರೂ ಎಲ್ಲಾ ಕಾಲಕ್ಕೂ ಭತ್ತ, ಕಬ್ಬು ಎಂದರೆ ಕೊನೆ ತೂಬಿಗೆ ನೀರು ಮುಟ್ಟದು ಎಂದು ಆಗಲೇ ಲೆಕ್ಕ ಹಾಕಿದ್ದರು. ಈಗ ಆ ಬಯಲಿನಲ್ಲಿ ರಾಗಿ ಬೆಳೆಯುವವರು ಎಷ್ಟು ಜನ, ನೀವೇ ನೋಡಿರುತ್ತೀರಿ. ನಿಮ್ಮ ಅಪ್ಪನ ಗುದ್ದಲಿ ಎದ್ದದ್ದು ಚಿಕ್ಕಪ್ಪನ ಮೇಲೆ. ಅವರಿಬ್ಬರ ನೀರು ಹೋದದ್ದು ಮಾತ್ರ ನಲವತ್ತು ಕಿಲೋಮೀಟರ್ ಮೇಲೆ. ಕಾಣುವವನು ದಾಯಾದಿ, ಕಾಣದವನು ಮೇಲಿನ ನಾಲೆಯವನು.

ಅರೆಬೆಂದ ಅನ್ನ

ಈ ಸಲ ತಮಾಷೆ ಇಲ್ಲ. ನಮ್ಮ ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರು ಹದಿನಾರು ವರ್ಷದಿಂದ ಮಾತಾಡಿಲ್ಲ. ನೀರು ಅಲ್ಲ, ನಾಲೆ ಅಲ್ಲ, ಆಸ್ತಿಯೂ ಅಲ್ಲ. ಒಂದು ಮದುವೆ ಪತ್ರಿಕೆಯಲ್ಲಿ ಹೆಸರು ಬಿಟ್ಟುಹೋಯ್ತು ಅಂತ. ಇದು ಯಾವ ಏರ್ಪಾಟು, ಯಾವ ಚಿಂಪಾಂಜಿ ಅಂತ ಯಾರಾದ್ರೂ ಹೇಳಿ. ನಾನು ಅದರಲ್ಲಿ ಒಬ್ಬ.

ಕೊನೆತೂಬು

ಎಲ್ಲರದ್ದೂ ಓದಿದೆ. ಅರೆಬೆಂದ ಅನ್ನ ಅಣ್ಣ, ನಿಮ್ಮ ಪ್ರಶ್ನೆಗೆ ನನ್ನ ಹತ್ರ ಏನೂ ಇಲ್ಲ. ಫೋನ್ ಮಾಡಿ ಅಂತ ಹೇಳೋ ಧೈರ್ಯನೂ ಇಲ್ಲ.

ಸೈಫನ್ ಸರ್ ಹೇಳಿದ್ದನ್ನ ಅಪ್ಪಂಗೆ ಓದಿ ಹೇಳಿದೆ. "ಮೇಲಿನ ನಾಲೆಯವನು ಕಾಣಲ್ಲ" ಅನ್ನೋ ಕಡೆ ತಲೆ ಆಡ್ಸಿದ್ರು. ಕೆರೆಯಂಗಳ ಅವರದ್ದು ಓದಿದಾಗ ಸುಮ್ನಾದ್ರು. ಆಮೇಲೆ ನಮ್ಮ ಸೌಡಿ (ನಾಲೆ ನೀರು ಬಿಡೋ ಕೆಲಸದವರು) ಹೆಸರು ತೆಗೆದ್ರು. ಆತ ರಿಟೈರ್ ಆಗಿ ಸುಮಾರು ವರ್ಷ ಆಯ್ತು, ಆ ಜಾಗಕ್ಕೆ ಯಾರೂ ಬಂದಿಲ್ಲ. ಆತನೂ ಕಾಲೊನಿಯವರೇ. ಅವರ ಮನೆ ಒಳಗೆ ನಮ್ಮಪ್ಪ ಯಾವತ್ತೂ ಕಾಲಿಟ್ಟಿಲ್ಲ, ನಾನೂ ಇಟ್ಟಿಲ್ಲ. ಇದು ನನಗೆ ಇಲ್ಲಿ ಬರೆಯೋವರೆಗೂ ಹೊಳೆದಿರ್ಲಿಲ್ಲ.

ಭಾನುವಾರ ನಮ್ಮ ತೂಬಿನ ಹನ್ನೊಂದು ಮನೆಯವರು ಅರಳಿಕಟ್ಟೆ ಹತ್ರ ಕೂತಿದ್ವಿ. ಚಿಕ್ಕಪ್ಪ ಬರಲ್ಲ ಅಂದ್ಕೊಂಡಿದ್ದೆ, ಬಂದ. ಅಪ್ಪನ ಮುಖ ನೋಡ್ಲಿಲ್ಲ, ಅಪ್ಪನೂ ಅವನ್ನ ನೋಡ್ಲಿಲ್ಲ, ಆದ್ರೆ ಇಬ್ರೂ ಒಂದೇ ಬೀಡಿ ಕಟ್ಟಿನಿಂದ ಸೇದಿದ್ರು. ಸರತಿ ಪಟ್ಟಿ ಮಾಡಿ ತೂಬಿನ ಗೋಡೆ ಮೇಲೆ ಸುಣ್ಣದಲ್ಲಿ ಬರೆದಿದೀವಿ. ಎಷ್ಟು ಗಂಟೆಗೆ ಯಾರು, ಎಷ್ಟು ಹೊತ್ತು. ಮೊದಲ ಹೆಸರು ಚಿಕ್ಕಪ್ಪಂದು. ಮೀರಿದ್ರೆ ಮೊದಲ ಸಲ ಐನೂರು ರೂಪಾಯಿ, ಮಾರಮ್ಮನ ಹುಂಡಿಗೆ. ಎರಡನೇ ಸಲಕ್ಕೆ ಏನು ಅಂತ ಒಮ್ಮತ ಆಗ್ಲಿಲ್ಲ. ಹಳೇ ಸೌಡಿನೇ ಬಂದು ಗಂಟೆ ನೋಡ್ಲಿ ಅಂತ ಯಾರೋ ಅಂದ್ರು. ಆತನಿಗೆ ಏನು ಕೊಡೋದು ಅನ್ನೋ ಮಾತು ಬಂದಾಗ ಎಲ್ಲರಿಗೂ ಮನೆಗೆ ಹೋಗೋ ಹೊತ್ತಾಗಿತ್ತು.

ಇವತ್ತು ರಾತ್ರಿ ನಮ್ಮ ಸರತಿ, ಎರಡು ಗಂಟೆಗೆ. ಟಾರ್ಚಿಗೆ ಸೆಲ್ ತಗೊಂಡು ಬಾ ಅಂತ ಅಪ್ಪ ಹೇಳಿದಾರೆ. ಗುದ್ದಲಿ ಬೇಡ ಅಂತ ಮಾತ್ರ ಹೇಳಿಲ್ಲ.